ಸರ್ ಕೆ. ಶೇಷಾದ್ರಿ ಅಯ್ಯರ್ – ರಾಜ್ಯದ ಜಲವಿದ್ಯುತ್ತಿಗೆ ಬುನಾದಿ ಹಾಕಿದ ದಿವಾನರು

ಪೀಠಿಕೆ

ಹೊಸ ವಿದ್ಯುತ್ ಸಂಪರ್ಕಕ್ಕಾಗಿ ಅರ್ಜಿ ಸಲ್ಲಿಸುವ ನಾಗರಿಕರು ತಮಗೆ ಅಗತ್ಯವಿರುವ ವಿದ್ಯುತ್ ಹೊರೆಯನ್ನು ಅರ್ಜಿಯಲ್ಲಿ ಕಿಲೋವ್ಯಾಟ್ ಲೆಕ್ಕದಲ್ಲಿ ನಮೂದಿಸಬೇಕಾಗುತ್ತದೆ. ಸಂಪರ್ಕ ನೀಡುವ ಮೊದಲೇ ಬಳಕೆಯ ಪ್ರಮಾಣವನ್ನು ಏಕೆ ಕೇಳಲಾಗುತ್ತದೆ ಎಂಬ ಪ್ರಶ್ನೆ ಅನೇಕರಲ್ಲಿ ಮೂಡುವುದು ಸಹಜ. ಈ ಪ್ರಶ್ನೆಗೆ ಉತ್ತರವು ರಾಜ್ಯದ ವಿದ್ಯುತ್ ಇತಿಹಾಸದ ಮೊದಲ ಪುಟದಲ್ಲಿಯೇ ದೊರೆಯುತ್ತದೆ. ಶಿವನಸಮುದ್ರದಲ್ಲಿ ಕಾವೇರಿಯ ಧುಮುಕುವ ನೀರಿನಿಂದ ವಿದ್ಯುತ್ ಉತ್ಪಾದಿಸಲು ತೀರ್ಮಾನಿಸಿದಾಗ, ಆ ವಿದ್ಯುತ್ತನ್ನು ಯಾರು, ಎಷ್ಟು, ಯಾವ ದರದಲ್ಲಿ ಕೊಳ್ಳುವರು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡು ನಂತರ ಕಾಮಗಾರಿಗೆ ಕೈ ಹಾಕಲಾಯಿತು. ಈ ಕ್ರಮವನ್ನು ಅನುಸರಿಸಿದ ಆಡಳಿತಗಾರರು ಅಂದಿನ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು. ಅವರ ಜೀವನ ಹಾಗೂ ಕಾರ್ಯದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ, ವಿದ್ಯಾಭ್ಯಾಸ ಮತ್ತು ಸೇವಾ ಪ್ರವೇಶ

ಶೇಷಾದ್ರಿ ಅಯ್ಯರ್ ಅವರು 1845ರ ಜೂನ್ 1ರಂದು ಮಲಬಾರ್ ಪ್ರಾಂತದ ಪಾಲಕ್ಕಾಡಿನ ಸಮೀಪದ ಕುಮಾರಪುರದ ಮನೆತನದಲ್ಲಿ ಜನಿಸಿದರು. ಕಲ್ಲಿಕೋಟೆಯಲ್ಲಿ ಆರಂಭಿಕ ವಿದ್ಯಾಭ್ಯಾಸವನ್ನು ಪೂರೈಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಪದವಿ ಪಡೆದರು. ಅವರು ಎಂಜಿನಿಯರ್ ಆಗಿರಲಿಲ್ಲ. ಕಂದಾಯ ಮತ್ತು ನ್ಯಾಯಾಡಳಿತದ ಕಡತಗಳ ನಡುವೆ ಬೆಳೆದ ಅಧಿಕಾರಿಯಾಗಿದ್ದರು. ಈ ಅಂಶವನ್ನು ಇಲ್ಲಿ ಗಮನಿಸುವುದು ಅಗತ್ಯ. ರಾಜ್ಯದ ಮೊದಲ ಬೃಹತ್ ವಿದ್ಯುತ್ ಯೋಜನೆಯ ಆಡಳಿತಾತ್ಮಕ ನಿರ್ಧಾರವನ್ನು ಕೈಗೊಂಡವರು ತಾಂತ್ರಿಕ ಶಿಕ್ಷಣ ಪಡೆದವರಲ್ಲ. ಆದರೆ ತಾಂತ್ರಿಕ ತಜ್ಞರ ವರದಿಯನ್ನು ಓದಿ, ಅದರ ಲಾಭ-ನಷ್ಟಗಳನ್ನು ತೂಗಿ ನೋಡಬಲ್ಲವರಾಗಿದ್ದರು.

1868ರಲ್ಲಿ ಅವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಅವರನ್ನು ಗುರುತಿಸಿ ಸೇವೆಗೆ ಬರಮಾಡಿಕೊಂಡವರು ಮುಂದೆ ದಿವಾನರಾದ ಸಿ. ರಂಗಾಚಾರ್ಲು ಅವರು. ಅಷ್ಟಗ್ರಾಮ ವಿಭಾಗದಲ್ಲಿ ಶಿರಸ್ತೇದಾರರಾಗಿ ಆರಂಭಿಸಿದ ಅವರು, ಸೇವೆಯಲ್ಲಿದ್ದುಕೊಂಡೇ ಕಾನೂನು ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಕ್ರಮೇಣ ಬಡ್ತಿ ಹೊಂದಿ ತುಮಕೂರು ಜಿಲ್ಲೆಯ ಡೆಪ್ಯುಟಿ ಕಮೀಷನರ್ ಹುದ್ದೆಯವರೆಗೆ ಏರಿದರು. 1883ರ ಜನವರಿಯಲ್ಲಿ ರಂಗಾಚಾರ್ಲು ಅವರು ನಿಧನ ಹೊಂದಿದಾಗ, 38 ವರ್ಷ ತುಂಬುವ ಮೊದಲೇ ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿ ನೇಮಕಗೊಂಡರು. 1901ರ ಮಾರ್ಚ್‌ವರೆಗೆ, ಅಂದರೆ ಸುಮಾರು 18 ವರ್ಷಗಳ ಕಾಲ ಅವರು ಆ ಹುದ್ದೆಯಲ್ಲಿದ್ದರು. ಮೈಸೂರಿನ ಯಾವ ದಿವಾನರೂ 1881ರ ನಂತರ ಇಷ್ಟು ದೀರ್ಘ ಕಾಲ ಅಧಿಕಾರದಲ್ಲಿರಲಿಲ್ಲ.

ಅಧಿಕಾರ ವಹಿಸಿಕೊಂಡಾಗ ಸಂಸ್ಥಾನದ ಸ್ಥಿತಿ

50 ವರ್ಷಗಳ ಬ್ರಿಟಿಷ್ ಆಡಳಿತದ ನಂತರ 1881ರ ಮಾರ್ಚ್ 25ರಂದು ಮೈಸೂರು ರಾಜ್ಯವನ್ನು ಮಹಾರಾಜ ಶ್ರೀ ಚಾಮರಾಜೇಂದ್ರ ಒಡೆಯರ್ ಅವರಿಗೆ ಹಿಂತಿರುಗಿಸಲಾಗಿತ್ತು. ಆದರೆ ಹಿಂತಿರುಗಿ ಬಂದದ್ದು ಕ್ಷಾಮದಿಂದ ಕಂಗೆಟ್ಟ ರಾಜ್ಯ. 1876ರಿಂದ 1878ರವರೆಗಿನ ಭೀಕರ ಬರಗಾಲದಲ್ಲಿ ಅಪಾರ ಸಂಖ್ಯೆಯ ಜನರು ಮೃತಪಟ್ಟಿದ್ದರು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಕ್ಷಾಮ ಪರಿಹಾರಕ್ಕಾಗಿ ಮಾಡಿದ ಸಾಲವು ಸುಮಾರು 80 ಲಕ್ಷ ರೂಪಾಯಿಗಳಷ್ಟಿತ್ತು. ಇದರ ಜೊತೆಗೆ ಬ್ರಿಟಿಷ್ ಸರ್ಕಾರಕ್ಕೆ ಪ್ರತಿ ವರ್ಷ ಪೊಗದಿಯನ್ನು ಸಂದಾಯ ಮಾಡಬೇಕಾಗಿತ್ತು.

ಇಂತಹ ಸ್ಥಿತಿಯಲ್ಲಿ ಯಾವುದೇ ಹೊಸ ವೆಚ್ಚವನ್ನು ಕೈಗೊಳ್ಳುವಾಗ ಅದು ಹಿಂತಿರುಗಿ ಬರುವ ವೆಚ್ಚವೇ ಎಂಬುದನ್ನು ಪರಿಶೀಲಿಸುವುದು ಅನಿವಾರ್ಯವಾಗಿತ್ತು. ಶೇಷಾದ್ರಿ ಅಯ್ಯರ್ ಅವರು ಮೊದಲು ಹಣಕಾಸನ್ನು ಸರಿಪಡಿಸಿ, ನಂತರ ರೈಲು ಮಾರ್ಗ, ಕೆರೆ, ಕಾಲುವೆಗಳಂತಹ ಆದಾಯ ತರುವ ಕಾಮಗಾರಿಗಳಿಗೆ ಆದ್ಯತೆ ನೀಡಿದರು. ವೇದಾವತಿ ನದಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಲಾದ ವಾಣಿವಿಲಾಸ ಸಾಗರದ ಕಾಮಗಾರಿಯು 1898ರಲ್ಲಿ ಆರಂಭವಾಗಿ 1907ರಲ್ಲಿ ಪೂರ್ಣಗೊಂಡಿತು. ಬೆಂಗಳೂರಿಗೆ ಹೆಸರಘಟ್ಟದಿಂದ ಕುಡಿಯುವ ನೀರನ್ನು ತರಲಾಯಿತು. 1898ರ ಪ್ಲೇಗ್ ಹಾವಳಿಯ ಸಂದರ್ಭದಲ್ಲಿ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಸರ್ಕಾರಿ ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ನೇಮಕ ಮಾಡುವ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯು 1891ರಲ್ಲಿ ಆರಂಭವಾದುದೂ ಇವರ ಕಾಲದಲ್ಲಿಯೇ. ಆದರೆ ಅವರ ಹೆಸರನ್ನು ಇಂದಿಗೂ ಹೆಚ್ಚಾಗಿ ನೆನಪಿಸುವುದು ಶಿವನಸಮುದ್ರದ ಯೋಜನೆ.

ಅಂದಿನ ಶಕ್ತಿ ಮೂಲಗಳು

ವಿದ್ಯುತ್ ಬರುವ ಮೊದಲು ರಾಜ್ಯದ ಜನಜೀವನವು ಮೂರು ಶಕ್ತಿ ಮೂಲಗಳನ್ನು ಆಧರಿಸಿತ್ತು. ಮೊದಲನೆಯದು ಮನುಷ್ಯರ ಮತ್ತು ಎತ್ತುಗಳ ದೇಹಬಲ. ಬಾವಿಯಿಂದ ಗದ್ದೆಗೆ ನೀರೆತ್ತುವ ಕಪಿಲೆ ಮತ್ತು ಏತ, ಎಣ್ಣೆ ತೆಗೆಯುವ ಗಾಣ, ಸರಕು ಸಾಗಿಸುವ ಗಾಡಿ ಇವೆಲ್ಲವೂ ದೇಹಬಲದಿಂದಲೇ ನಡೆಯುತ್ತಿದ್ದವು. ಎರಡನೆಯದು ಸೌದೆ ಮತ್ತು ಬೆರಣಿ. ಮೂರನೆಯದು ದೀಪದ ಎಣ್ಣೆ. ಹರಳೆಣ್ಣೆ ಮತ್ತು ಹೊಂಗೆ ಎಣ್ಣೆಯ ಜೊತೆಗೆ 19ನೇ ಶತಮಾನದ ಕೊನೆಯ ವೇಳೆಗೆ ಸೀಮೆಎಣ್ಣೆಯೂ ಸೇರಿಕೊಂಡಿತ್ತು. ಬೆಂಗಳೂರಿನ ಬೀದಿಗಳಲ್ಲಿ ಸೀಮೆಎಣ್ಣೆಯ ದೀಪಗಳನ್ನು ಸಂಜೆ ಹಚ್ಚಲಾಗುತ್ತಿತ್ತು.

ಕೈಗಾರಿಕೆಗೆ ಬೇಕಾದ ಉಗಿ ಯಂತ್ರಗಳನ್ನು ನಡೆಸಲು ಕಲ್ಲಿದ್ದಲು ಅಗತ್ಯ. ಮೈಸೂರು ರಾಜ್ಯದ ನೆಲದಲ್ಲಿ ಚಿನ್ನ, ಕಬ್ಬಿಣದ ಅದಿರು ಮುಂತಾದ ಖನಿಜಗಳಿದ್ದರೂ ಕಲ್ಲಿದ್ದಲು ಇರಲಿಲ್ಲ. ಅದನ್ನು ದೂರದ ಪ್ರದೇಶಗಳಿಂದ ತರಿಸಬೇಕಾಗಿದ್ದು, ಸಾಗಾಣಿಕೆಯ ವೆಚ್ಚವೇ ದೊಡ್ಡದಾಗುತ್ತಿತ್ತು. ಹೀಗಾಗಿ ಇಲ್ಲಿನ ಉದ್ಯಮಗಳು ಕಾಡಿನ ಸೌದೆಯ ಮೇಲೆಯೂ ಅವಲಂಬಿತವಾಗಿದ್ದವು. ಉದ್ಯಮ ಬೆಳೆದಷ್ಟೂ ಸುತ್ತಮುತ್ತಲಿನ ಕಾಡು ಕರಗುವ ಪರಿಸ್ಥಿತಿ ಇತ್ತು.

ಕೋಲಾರದ ಗಣಿಗಳು

ರಾಜ್ಯದಲ್ಲಿ ಅತಿ ಹೆಚ್ಚು ಶಕ್ತಿ ಬೇಕಾಗಿದ್ದುದು ಕೋಲಾರದ ಚಿನ್ನದ ಗಣಿಗಳಿಗೆ. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ನಿರ್ವಹಣೆಯಲ್ಲಿ ಇಲ್ಲಿನ ಗಣಿ ಕಂಪನಿಗಳು ಬೆಳೆದವು. ಗಣಿಯು ಆಳಕ್ಕೆ ಇಳಿದಂತೆ ಅದಿರನ್ನು ಮೇಲೆತ್ತಲು, ಜಿನುಗುವ ನೀರನ್ನು ಹೊರಹಾಕಲು, ಗಾಳಿಯನ್ನು ಒಳಕ್ಕೆ ಕಳುಹಿಸಲು ಮತ್ತು ಅದಿರನ್ನು ಕುಟ್ಟಿ ಪುಡಿಮಾಡಲು ಹೆಚ್ಚು ಹೆಚ್ಚು ಶಕ್ತಿ ಬೇಕಾಗುತ್ತಿತ್ತು. ಉತ್ಪಾದನೆಯಾದ ಚಿನ್ನದ ಮೌಲ್ಯದ ಶೇಕಡ 5ರಷ್ಟು ರಾಜಧನವು ಸಂಸ್ಥಾನಕ್ಕೆ ಸಲ್ಲುತ್ತಿತ್ತು. ಗಣಿಯ ಇಂಧನ ವೆಚ್ಚ ತಗ್ಗಿ ಉತ್ಪಾದನೆ ಹೆಚ್ಚಿದರೆ ಸಂಸ್ಥಾನದ ಬೊಕ್ಕಸಕ್ಕೂ ಅನುಕೂಲವಾಗುವಂತಿತ್ತು.

ಗಣಿಗಳ ಇನ್ನೊಂದು ಗುಣವು ವಿದ್ಯುತ್ತಿನ ದೃಷ್ಟಿಯಿಂದ ಮಹತ್ವದ್ದಾಗಿತ್ತು. ಅಲ್ಲಿನ ಕೆಲಸವು ಹಗಲು ರಾತ್ರಿ ಎನ್ನದೆ ನಡೆಯುತ್ತಿತ್ತು. ಆದ್ದರಿಂದ ಅಲ್ಲಿನ ಬೇಡಿಕೆಯು ದಿನದ 24 ಗಂಟೆಯೂ ಹೆಚ್ಚು ಕಡಿಮೆ ಒಂದೇ ಸಮನಾಗಿತ್ತು. ದೀಪಗಳಿಗೆ ಮಾತ್ರ ವಿದ್ಯುತ್ ಪೂರೈಸುವ ಕೇಂದ್ರವಾದರೆ ಸಂಜೆಯ ಕೆಲವು ಗಂಟೆಗಳು ಮಾತ್ರ ದುಡಿದು, ಉಳಿದ ವೇಳೆ ಅದರ ಯಂತ್ರಗಳು ನಿರುಪಯುಕ್ತವಾಗಿ ನಿಂತಿರುತ್ತವೆ. ಆದರೆ ಯಂತ್ರಗಳಿಗೆ ಹೂಡಿದ ಬಂಡವಾಳದ ಬಡ್ಡಿಯು ಹಗಲಿನಲ್ಲಿಯೂ ಬೆಳೆಯುತ್ತದೆ. ಇಡೀ ದಿನ ಕೊಳ್ಳುವ ಗ್ರಾಹಕರು ದೊರೆತರೆ ಪ್ರತಿ ಘಟಕದ ವೆಚ್ಚವು ಗಣನೀಯವಾಗಿ ಇಳಿಯುತ್ತದೆ.

ಶಿವನಸಮುದ್ರದ ಜಲಪಾತ

ಇಂದಿನ ಮಂಡ್ಯ ಮತ್ತು ಚಾಮರಾಜನಗರ ಜಿಲ್ಲೆಗಳ ಗಡಿಯಲ್ಲಿರುವ ಶಿವನಸಮುದ್ರದಲ್ಲಿ ಕಾವೇರಿ ನದಿಯು ಎರಡು ಕವಲುಗಳಾಗಿ ಒಡೆದು ಗಗನಚುಕ್ಕಿ ಮತ್ತು ಭರಚುಕ್ಕಿ ಎಂಬ ಜಲಪಾತಗಳಾಗಿ ಧುಮುಕುತ್ತದೆ. ಇಲ್ಲಿ ಕಡಿಮೆ ದೂರದಲ್ಲಿಯೇ ಸುಮಾರು 400 ಅಡಿಗಳಷ್ಟು ಎತ್ತರದ ವ್ಯತ್ಯಾಸವು ದೊರೆಯುತ್ತದೆ.

ನೀರಿನಿಂದ ದೊರೆಯುವ ಶಕ್ತಿಯು ಎರಡು ಅಂಶಗಳ ಗುಣಲಬ್ಧವನ್ನು ಅವಲಂಬಿಸಿರುತ್ತದೆ: ಒಂದು, ಪ್ರತಿ ಸೆಕೆಂಡಿಗೆ ಹರಿಯುವ ನೀರಿನ ಪ್ರಮಾಣ, ಇನ್ನೊಂದು, ಆ ನೀರು ಬೀಳುವ ಎತ್ತರ. ಸೆಕೆಂಡಿಗೆ 1 ಘನ ಮೀಟರ್ ನೀರು 100 ಮೀಟರ್ ಎತ್ತರದಿಂದ ಬಿದ್ದರೆ ತಾತ್ವಿಕವಾಗಿ ಸುಮಾರು 980 ಕಿಲೋವ್ಯಾಟ್ ಶಕ್ತಿ ದೊರೆಯುತ್ತದೆ. ಕೊಳವೆ ಹಾಗೂ ಯಂತ್ರಗಳಲ್ಲಿನ ನಷ್ಟವನ್ನು ಕಳೆದು ಉಳಿದದ್ದು ಬಳಕೆಗೆ ಸಿಗುತ್ತದೆ. ಎತ್ತರ ಹೆಚ್ಚಿದ್ದಲ್ಲಿ ಕಡಿಮೆ ನೀರಿನಿಂದಲೇ ಹೆಚ್ಚು ಶಕ್ತಿ ಪಡೆಯಬಹುದು. ಶಿವನಸಮುದ್ರದ ವಿಶೇಷ ಇರುವುದು ಇಲ್ಲಿಯೇ.

ಈ ವಿಧಾನದಲ್ಲಿ ನೀರು ಖರ್ಚಾಗುವುದಿಲ್ಲ ಎಂಬುದು ಗಮನಾರ್ಹ. ಟರ್ಬೈನ್‌ಗಳನ್ನು ತಿರುಗಿಸಿದ ನೀರು ಮತ್ತೆ ನದಿಗೇ ಸೇರುತ್ತದೆ. ಕಾವೇರಿ ಸೇರಿದಂತೆ ಹಲವು ನದಿಗಳಲ್ಲಿ ಹೊಸ ನೀರಾವರಿ ಕಾಮಗಾರಿಗಳ ಕುರಿತು ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ 1892ರಲ್ಲಿ, ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿಯೇ, ಒಪ್ಪಂದವಾಗಿತ್ತು. ಆ ಒಪ್ಪಂದವು ಹೊಸ ಜಲಾಶಯಗಳಿಗೆ ಮಿತಿಗಳನ್ನು ವಿಧಿಸಿದ್ದ ಕಾಲದಲ್ಲಿ, ಅಣೆಕಟ್ಟಿಲ್ಲದೆ ಹರಿಯುವ ನೀರನ್ನು ಬಳಸಿ ಮತ್ತೆ ನದಿಗೆ ಬಿಡುವ ಯೋಜನೆಯು ಕಾರ್ಯಸಾಧ್ಯ ಮಾರ್ಗವಾಗಿತ್ತು.

ಯೋಜನೆಯ ಸಿದ್ಧತೆ

1890ರ ದಶಕದಲ್ಲಿ ಜಲಪಾತಗಳಿಂದ ವಿದ್ಯುತ್ ಪಡೆಯುವ ಪ್ರಯತ್ನಗಳು ಜಗತ್ತಿನ ಹಲವೆಡೆ ನಡೆದಿದ್ದವು. ಅಮೆರಿಕದ ನಯಾಗರ ಜಲಪಾತದಿಂದ ಸುಮಾರು 40 ಕಿಲೋಮೀಟರ್ ದೂರದ ಬಫಲೋ ನಗರಕ್ಕೆ 1896ರಲ್ಲಿ ವಿದ್ಯುತ್ ತಲುಪಿತ್ತು. ಭಾರತದಲ್ಲಿ ಡಾರ್ಜಿಲಿಂಗ್ ಸಮೀಪದ ಸಿದ್ರಾಪಾಂಗ್‌ನಲ್ಲಿ 1897ರಲ್ಲಿ 130 ಕಿಲೋವ್ಯಾಟ್ ಸಾಮರ್ಥ್ಯದ ಚಿಕ್ಕ ಜಲವಿದ್ಯುತ್ ಕೇಂದ್ರ ಆರಂಭವಾಗಿತ್ತು. ಆದ್ದರಿಂದ ಶಿವನಸಮುದ್ರವು ದೇಶದ ಮೊಟ್ಟಮೊದಲ ಜಲವಿದ್ಯುತ್ ಕೇಂದ್ರ ಎಂಬ ರೂಢಿಯ ಮಾತು ನಿಖರವಲ್ಲ. ಉದ್ಯಮಕ್ಕಾಗಿ ಬಹುದೂರ ವಿದ್ಯುತ್ ಸಾಗಿಸಿದ ದೇಶದ ಮೊದಲ ಬೃಹತ್ ಕೇಂದ್ರ ಎಂಬುದು ಸರಿಯಾದ ವಿವರಣೆ.

ಶಿವನಸಮುದ್ರದ ನೀರಿನ ಶಕ್ತಿಯನ್ನು ಬಳಸಿಕೊಳ್ಳಲು ಖಾಸಗಿಯವರೂ ಆಸಕ್ತಿ ತೋರಿದ್ದರು. ಅಂತಿಮವಾಗಿ ಸಂಸ್ಥಾನದ ಸರ್ಕಾರವೇ ಯೋಜನೆಯನ್ನು ಕೈಗೆತ್ತಿಕೊಳ್ಳಲು ನಿರ್ಧರಿಸಿತು. ಇದರ ತಾಂತ್ರಿಕ ಹೊಣೆಯನ್ನು ವಹಿಸಿಕೊಂಡವರು ಮೈಸೂರು ಲೋಕೋಪಯೋಗಿ ಇಲಾಖೆಯ ಸೇವೆಯಲ್ಲಿದ್ದ, ಕೆನಡಾ ಮೂಲದ ರಾಯಲ್ ಎಂಜಿನಿಯರ್ಸ್ ಅಧಿಕಾರಿ ಎ. ಜೋಲಿ ದ ಲಾಟ್‌ಬಿನಿಯರ್ ಅವರು. 1899ರಲ್ಲಿ ಅವರನ್ನು ಯೂರೋಪು ಮತ್ತು ಅಮೆರಿಕಕ್ಕೆ ಕಳುಹಿಸಿ, ಅಲ್ಲಿನ ಜಲವಿದ್ಯುತ್ ಕೇಂದ್ರಗಳನ್ನು ಪರಿಶೀಲಿಸಿ ವರದಿ ನೀಡುವಂತೆ ಕೋರಲಾಯಿತು. ದೂರದಲ್ಲಿ ಕುಳಿತು ಸಾಧ್ಯವೇ ಅಸಾಧ್ಯವೇ ಎಂದು ಚರ್ಚಿಸುವುದಕ್ಕಿಂತ, ಕಾರ್ಯನಿರ್ವಹಿಸುತ್ತಿರುವ ಕೇಂದ್ರಗಳನ್ನು ಕಣ್ಣಾರೆ ನೋಡಿ ಬರುವುದು ಮೇಲೆಂದು ದಿವಾನರು ಭಾವಿಸಿದ್ದರು ಎಂಬುದು ಈ ಕ್ರಮದಿಂದ ತಿಳಿಯುತ್ತದೆ.

ಆಗ 1894ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರ್ ಅವರು ನಿಧನರಾಗಿ, ಯುವರಾಜರು ಪ್ರಾಪ್ತ ವಯಸ್ಕರಾಗುವವರೆಗೆ ವಾಣಿವಿಲಾಸ ಸನ್ನಿಧಾನದ ಮಹಾರಾಣಿ ಕೆಂಪನಂಜಮ್ಮಣ್ಣಿ ಅವರು ರಾಜಪ್ರತಿನಿಧಿಯಾಗಿ ಆಡಳಿತ ನಡೆಸುತ್ತಿದ್ದರು. ಅವರ ಅನುಮೋದನೆಯಿಲ್ಲದೆ ಇಷ್ಟು ದೊಡ್ಡ ವೆಚ್ಚದ ಕಾರ್ಯವು ಮುಂದುವರೆಯುವಂತಿರಲಿಲ್ಲ. ಕ್ಷಾಮ, ಸಾಲ ಮತ್ತು ಪ್ಲೇಗನ್ನು ಕಂಡಿದ್ದ ರಾಜ್ಯದಲ್ಲಿ ಸಾರ್ವಜನಿಕ ಹಣವನ್ನು ಹೊಸ ತಂತ್ರಜ್ಞಾನದಲ್ಲಿ ತೊಡಗಿಸುವ ಬಗ್ಗೆ ಸಂದೇಹಗಳು ಇದ್ದುದು ಸಹಜವೇ ಆಗಿತ್ತು.

ಮೊದಲು ಒಪ್ಪಂದ, ನಂತರ ಕಾಮಗಾರಿ

ಈ ಸಂದೇಹಕ್ಕೆ ಶೇಷಾದ್ರಿ ಅಯ್ಯರ್ ಅವರು ನೀಡಿದ ಉತ್ತರವು ಭಾಷಣದ ರೂಪದಲ್ಲಿರಲಿಲ್ಲ, ಒಪ್ಪಂದದ ರೂಪದಲ್ಲಿತ್ತು. 1900ರಲ್ಲಿ ಗಣಿ ಕಂಪನಿಗಳ ಪರವಾಗಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯೊಂದಿಗೆ ವಿದ್ಯುತ್ ಪೂರೈಕೆಯ ಒಪ್ಪಂದವನ್ನು ಮಾಡಿಕೊಳ್ಳಲಾಯಿತು. ಗಣಿಗಳು ಮೊದಲ ಹಂತದಲ್ಲಿ 4,000 ಅಶ್ವಶಕ್ತಿಯನ್ನು ಕೊಳ್ಳಬೇಕಾಗಿತ್ತು. ಆರಂಭದಲ್ಲಿ ಹೆಚ್ಚಿನ ದರವನ್ನೂ ನಂತರದ ವರ್ಷಗಳಲ್ಲಿ ಇಳಿಕೆಯ ದರವನ್ನೂ ನಿಗದಿಪಡಿಸಲಾಯಿತು. ಇದರಿಂದ ಬಂಡವಾಳವು ಬೇಗನೆ ಹಿಂತಿರುಗುವ ಭರವಸೆ ಸರ್ಕಾರಕ್ಕೆ ದೊರೆಯಿತು. ಕಾಲಕ್ರಮೇಣ ಅಗ್ಗದ ಶಕ್ತಿ ದೊರೆಯುವ ಭರವಸೆ ಗಣಿಗಳಿಗೆ ದೊರೆಯಿತು.

ವಿದ್ಯುತ್ತಿಗೂ ಇತರ ಸರಕುಗಳಿಗೂ ಇರುವ ಮುಖ್ಯ ವ್ಯತ್ಯಾಸವು ಇಲ್ಲಿ ಸ್ಪಷ್ಟವಾಗುತ್ತದೆ. ಭತ್ತವನ್ನು ಕಣಜದಲ್ಲಿ ತುಂಬಿಡಬಹುದು; ಸೌದೆಯನ್ನು ಒಟ್ಟಿಡಬಹುದು. ಅಂದಿನ ವ್ಯವಸ್ಥೆಯಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ಆ ಕ್ಷಣದಲ್ಲಿಯೇ ಬಳಸಬೇಕಾಗಿತ್ತು. ಜಲಾಶಯವಿಲ್ಲದ ಕೇಂದ್ರದಲ್ಲಿ ಬಳಸದೇ ಬಿಟ್ಟ ನೀರು ಶಾಶ್ವತವಾಗಿ ಕೈತಪ್ಪಿ ಹೋಗುತ್ತಿತ್ತು. ಆದುದರಿಂದ ಖಾತರಿಯಾದ ಬಳಕೆದಾರರಿಲ್ಲದ ವಿದ್ಯುತ್ ಕೇಂದ್ರವು ಎಷ್ಟೇ ಉತ್ತಮ ಯಂತ್ರಗಳನ್ನು ಹೊಂದಿದ್ದರೂ ಸಾರ್ವಜನಿಕ ಹಣಕ್ಕೆ ಹೊರೆಯೇ ಆಗುತ್ತಿತ್ತು.

ಯೋಜನೆಯ ತಾಂತ್ರಿಕ ಸ್ವರೂಪ

ಜಲಪಾತದ ಮೇಲ್ಭಾಗದಲ್ಲಿ ನದಿಯ ನೀರನ್ನು ಕಾಲುವೆಗೆ ತಿರುಗಿಸಿ, ಅಲ್ಲಿಂದ ಉಕ್ಕಿನ ಕೊಳವೆಗಳ ಮೂಲಕ ಇಳಿಜಾರಿನ ಕೆಳಗಿರುವ ಉತ್ಪಾದನಾ ಕೇಂದ್ರಕ್ಕೆ ಹರಿಸುವ ವ್ಯವಸ್ಥೆಯನ್ನು ರೂಪಿಸಲಾಯಿತು. ಕೇಂದ್ರವಿರುವ ಸ್ಥಳವು ಇಂದಿಗೂ ಸ್ಥಳೀಯವಾಗಿ ಬ್ಲಫ್ ಎಂದೇ ಪರಿಚಿತವಾಗಿದೆ. ಟರ್ಬೈನ್‌ಗಳನ್ನು ಸ್ವಿಟ್ಜರ್‌ಲೆಂಡಿನ ಎಷರ್ ವೀಸ್ ಸಂಸ್ಥೆಯಿಂದಲೂ, ವಿದ್ಯುತ್ ಉಪಕರಣಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಿಂದಲೂ ತರಿಸಲಾಯಿತು. ಮೊದಲ ಹಂತದಲ್ಲಿ ತಲಾ 720 ಕಿಲೋವ್ಯಾಟ್‌ನ 6 ಜನರೇಟರ್‌ಗಳನ್ನು, ಒಟ್ಟು 4,320 ಕಿಲೋವ್ಯಾಟ್ ಸಾಮರ್ಥ್ಯಕ್ಕೆ ಅಳವಡಿಸಲಾಯಿತು.

ಹೆಚ್ಚು ಕಠಿಣವಾದ ಪ್ರಶ್ನೆಯು ಉತ್ಪಾದನೆಯದಲ್ಲ, ಸಾಗಣೆಯದು. ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ. ನಯಾಗರ–ಬಫಲೋ ಮಾರ್ಗದ ಮೂರು ಪಟ್ಟಿಗೂ ಹೆಚ್ಚು. ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹವು ತಂತಿಯನ್ನು ಬಿಸಿ ಮಾಡುತ್ತದೆ. ಆ ಬಿಸಿಯೇ ನಷ್ಟ. ಈ ನಷ್ಟವು ಪ್ರವಾಹದ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಅಷ್ಟೇ ಶಕ್ತಿಯನ್ನು 10 ಪಟ್ಟು ಹೆಚ್ಚಿನ ವೋಲ್ಟೇಜಿನಲ್ಲಿ ಕಳುಹಿಸಿದರೆ ಪ್ರವಾಹವು 10ನೇ 1 ಭಾಗಕ್ಕೆ ಇಳಿಯುತ್ತದೆ. ನಷ್ಟವು 100ನೇ 1 ಭಾಗಕ್ಕೆ ಇಳಿಯುತ್ತದೆ. ಈ ಕಾರಣದಿಂದ ಉತ್ಪಾದನಾ ಕೇಂದ್ರದಲ್ಲಿ ಪರಿವರ್ತಕಗಳ ಮೂಲಕ ವೋಲ್ಟೇಜನ್ನು ಸುಮಾರು 35,000ಕ್ಕೆ ಏರಿಸಿ ಕಳುಹಿಸಿ, ಗಣಿಗಳಲ್ಲಿ ಮತ್ತೆ ಇಳಿಸಿಕೊಳ್ಳುವ ಏರ್ಪಾಡನ್ನು ಮಾಡಲಾಯಿತು. ಆ ಕಾಲಕ್ಕೆ ಇದು ಜಗತ್ತಿನ ಅತಿ ಉದ್ದದ ವಿದ್ಯುತ್ ಸಾಗಣಾ ಮಾರ್ಗಗಳ ಸಾಲಿಗೆ ಸೇರಿತ್ತು. ಇಂದು ಊರಿನ ಹೊರಗಿನ ಉಪಕೇಂದ್ರ ಮತ್ತು ಬೀದಿಯ ಟ್ರಾನ್ಸ್‌ಫಾರ್ಮರ್‌ಗಳ ಹಿಂದೆ ಇರುವುದೂ ಇದೇ ತತ್ವ.

ನಿರ್ಮಾಣ ಕಾರ್ಯ

1900ರಲ್ಲಿ ಕಾಮಗಾರಿ ಆರಂಭವಾಯಿತು. ಜಲಪಾತದ ಸ್ಥಳಕ್ಕೆ ರೈಲು ಮಾರ್ಗವಿರಲಿಲ್ಲ. ಹಡಗಿನಲ್ಲಿ ಬಂದು, ರೈಲಿನಲ್ಲಿ ಸಾಗಿದ ಭಾರವಾದ ಯಂತ್ರಭಾಗಗಳನ್ನು ಕೊನೆಯ ಹಾದಿಯಲ್ಲಿ ಎತ್ತುಗಳು ಹಾಗೂ ಆನೆಗಳ ಸಹಾಯದಿಂದ ಎಳೆದು ತರಲಾಯಿತು. ಎತ್ತಿನ ಬಲವನ್ನು ಅವಲಂಬಿಸಿದ್ದ ನಾಡಿನಲ್ಲಿ ವಿದ್ಯುತ್ ಯಂತ್ರಗಳು ಎತ್ತಿನ ಬಲದಿಂದಲೇ ತಮ್ಮ ಸ್ಥಾನವನ್ನು ತಲುಪಿದವು. ಕಾಡು, ಬಂಡೆ ಮತ್ತು ಮಲೇರಿಯಾ ಜ್ವರದ ನಡುವೆ ಕೂಲಿಕಾರರು ಕಾಲುವೆ ತೋಡಿ, ಕೊಳವೆಗಳನ್ನು ಹಾಸಿ, 147 ಕಿಲೋಮೀಟರ್ ಉದ್ದಕ್ಕೂ ಕಂಬಗಳನ್ನು ನೆಟ್ಟರು. ಅವರ ಹೆಸರುಗಳು ಯಾವ ಫಲಕದಲ್ಲಿಯೂ ಇಲ್ಲ. ಯಂತ್ರಗಳನ್ನು ಜೋಡಿಸಲು ಬಂದ ವಿದೇಶಿ ಎಂಜಿನಿಯರುಗಳಲ್ಲಿ ಎಚ್. ಪಿ. ಗಿಬ್ಸ್ ಅವರು ಪ್ರಮುಖರು. ಮುಂದೆ ಅವರು ಟಾಟಾ ಸಂಸ್ಥೆಯ ಜಲವಿದ್ಯುತ್ ಯೋಜನೆಯಲ್ಲಿಯೂ ಸೇವೆ ಸಲ್ಲಿಸಿದರು. ಲಾಟ್‌ಬಿನಿಯರ್ ಅವರು ನಂತರ ಕಾಶ್ಮೀರದ ಝೇಲಂ ನದಿಯ ವಿದ್ಯುತ್ ಯೋಜನೆಯ ನಿರ್ಮಾಣಕ್ಕೆ ತೆರಳಿದರು.

ಅಂತಿಮ ದಿನಗಳು

ದೀರ್ಘ ಕಾಲದ ದುಡಿಮೆಯಿಂದ ಶೇಷಾದ್ರಿ ಅಯ್ಯರ್ ಅವರ ಆರೋಗ್ಯವು ಕುಂದಿತ್ತು. 1901ರ ಮಾರ್ಚ್ ತಿಂಗಳಲ್ಲಿ ಅವರು ದಿವಾನ ಹುದ್ದೆಯಿಂದ ನಿವೃತ್ತರಾದರು. ಆಗ ಶಿವನಸಮುದ್ರದ ಕಾಮಗಾರಿಯು ನಡೆಯುತ್ತಿತ್ತು. ಅದೇ ವರ್ಷದ ಸೆಪ್ಟೆಂಬರ್ 13ರಂದು, ತಮ್ಮ 56ನೇ ವಯಸ್ಸಿನಲ್ಲಿ ಅವರು ನಿಧನ ಹೊಂದಿದರು.

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳನ್ನು ತಲುಪಿತು. ಯೋಜನೆಯ ಹೊಣೆ ಹೊತ್ತಿದ್ದ ದಿವಾನರು ತೀರಿಕೊಂಡು ಆ ವೇಳೆಗೆ ಒಂಬತ್ತೂವರೆ ತಿಂಗಳು ಕಳೆದಿತ್ತು. ಅವರು ಆ ತಂತಿಯಲ್ಲಿ ಹರಿದ ವಿದ್ಯುತ್ತನ್ನು ಕಾಣಲಿಲ್ಲ; ಬೆಂಗಳೂರಿನ ಬೀದಿಯ ವಿದ್ಯುತ್ ದೀಪವನ್ನೂ ಕಾಣಲಿಲ್ಲ.

ವಿದ್ಯುತ್ ಹರಿದ ನಂತರ

ಗಣಿಗಳ ಬೇಡಿಕೆಯು ಹೆಚ್ಚಿದಂತೆ ಕೇಂದ್ರದ ಸಾಮರ್ಥ್ಯವನ್ನು ಹಂತ ಹಂತವಾಗಿ ವಿಸ್ತರಿಸಲಾಯಿತು. ಗಣಿಗಳಿಗಾಗಿ ಸ್ಥಾಪಿಸಿದ ಕೇಂದ್ರದಿಂದಲೇ 1905ರ ಆಗಸ್ಟ್ 5ರಂದು ಬೆಂಗಳೂರು ನಗರಕ್ಕೂ, 1908ರಲ್ಲಿ ಮೈಸೂರು ನಗರಕ್ಕೂ ವಿದ್ಯುತ್ ದೀಪಗಳು ಬಂದವು. ಕೇಂದ್ರದ ಒಡೆತನವು ಸರ್ಕಾರದಲ್ಲಿಯೇ ಉಳಿದುದರಿಂದ ಗಣಿಗಳು ಪಾವತಿಸಿದ ಶುಲ್ಕವು ಸಾರ್ವಜನಿಕ ಆದಾಯವಾಯಿತು.

ಯೋಜನೆಯ ಒಂದು ಮಿತಿಯೂ ಬೇಗನೆ ಕಂಡುಬಂದಿತು. ಬೇಸಿಗೆಯಲ್ಲಿ ಕಾವೇರಿಯ ಹರಿವು ಕುಗ್ಗಿದಾಗ ಉತ್ಪಾದನೆಗೆ ತೊಂದರೆಯಾಗುತ್ತಿತ್ತು. ಮಳೆಗಾಲದ ನೀರನ್ನು ಸಂಗ್ರಹಿಸಿಡದೆ ಗಣಿಗಳಿಗೆ ವರ್ಷವಿಡೀ ಒಂದೇ ಪ್ರಮಾಣದ ವಿದ್ಯುತ್ ಪೂರೈಸುವುದು ಸಾಧ್ಯವಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯ ಅವರ ಮುಂದಾಳತ್ವದಲ್ಲಿ 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕೃಷ್ಣರಾಜ ಸಾಗರಕ್ಕೆ ನೀರಾವರಿಯ ಜೊತೆಗೆ ಶಿವನಸಮುದ್ರಕ್ಕೆ ನಿರಂತರ ನೀರು ಒದಗಿಸುವುದೂ ಮುಖ್ಯ ಉದ್ದೇಶವಾಗಿತ್ತು. ನಂತರ ಶಿಂಷಾ ಹಾಗೂ ಜೋಗದ ವಿದ್ಯುತ್ ಕೇಂದ್ರಗಳು ಬಂದವು.

ಕಾರ್ಯದ ಮೌಲ್ಯಮಾಪನ

ಶೇಷಾದ್ರಿ ಅಯ್ಯರ್ ಅವರ ಆಡಳಿತವು ಟೀಕೆಗಳಿಂದ ಮುಕ್ತವಾಗಿರಲಿಲ್ಲ. ಅಧಿಕಾರವನ್ನು ತಮ್ಮ ಕೈಯಲ್ಲಿಯೇ ಕೇಂದ್ರೀಕರಿಸಿಕೊಂಡಿದ್ದಾರೆ ಎಂದೂ, ಉನ್ನತ ಹುದ್ದೆಗಳಲ್ಲಿ ಮದರಾಸು ಪ್ರಾಂತದಿಂದ ಬಂದವರಿಗೆ ಆದ್ಯತೆ ನೀಡುತ್ತಾರೆ ಎಂದೂ ಮೈಸೂರಿನವರು ಆಕ್ಷೇಪಿಸಿದ್ದರು. ವಿದ್ಯುತ್ ಯೋಜನೆಯ ವಿಷಯದಲ್ಲಿಯೂ ಒಂದು ಪ್ರಶ್ನೆ ಉಳಿಯುತ್ತದೆ. ಪ್ರಜೆಗಳ ನದಿಯಿಂದ ಪಡೆದ ಮೊದಲ ವಿದ್ಯುತ್ತು ಪ್ರಜೆಗಳ ಮನೆಗೆ ಹೋಗದೆ ವಿದೇಶಿ ಬಂಡವಾಳದ ಗಣಿಗಳಿಗೆ ಹೋಯಿತು. ನಂತರ ನಗರಗಳ ಸರದಿ ಬಂದಿತು. ಸಾಗಣಾ ಮಾರ್ಗದ ಕೆಳಗಿದ್ದ ಹಳ್ಳಿಗಳು ಬಹುಕಾಲ ಎಣ್ಣೆಯ ದೀಪದಲ್ಲಿಯೇ ಉಳಿದವು. ಬಹುಪಾಲು ಹಳ್ಳಿಗಳಿಗೆ ವಿದ್ಯುತ್ ದೊರೆತದ್ದು ಸ್ವಾತಂತ್ರ್ಯಾನಂತರ, 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾದ ನಂತರದ ದಶಕಗಳಲ್ಲಿ. ಬಡ ಕುಟುಂಬಗಳ ಮನೆಗೆ ಒಂದು ದೀಪ ತಲುಪಲು ಭಾಗ್ಯಜ್ಯೋತಿ ಮತ್ತು ಕುಟೀರಜ್ಯೋತಿಯಂತಹ ಯೋಜನೆಗಳು ಬರಬೇಕಾಯಿತು.

ಅಂದಿನ ಸ್ಥಿತಿಯಲ್ಲಿ ಬೇರೆ ಕ್ರಮ ಸಾಧ್ಯವಿತ್ತೇ ಎಂಬುದನ್ನು ಹಣಕಾಸಿನ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ. ಸಾಲದಿಂದ ಹೊರಬರುತ್ತಿದ್ದ ರಾಜ್ಯವು ಮನೆದೀಪಗಳನ್ನು ಮಾತ್ರ ನಂಬಿ 147 ಕಿಲೋಮೀಟರ್ ತಂತಿಯನ್ನು ಎಳೆಯಲು ಸಾಧ್ಯವಿರಲಿಲ್ಲ. ಗಣಿಗಳ ಖಾತರಿಯು ಕೇಂದ್ರವನ್ನು ಕಟ್ಟಿಸಿತು. ಕೇಂದ್ರವು ಸರ್ಕಾರದ ಒಡೆತನದಲ್ಲಿದ್ದುದರಿಂದ ಅದರ ಫಲವನ್ನು ಮುಂದೆ ಇತರರಿಗೆ ಹಂಚುವುದು ಸಾಧ್ಯವಾಯಿತು. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟವು. ಗಣಿಗಳಿಗಾಗಿ ಕಟ್ಟಿದ ವಿದ್ಯುತ್ ಕೇಂದ್ರವು ಅದರ ನಂತರವೂ 42 ಮೆಗಾವ್ಯಾಟ್ ಸಾಮರ್ಥ್ಯದೊಂದಿಗೆ ರಾಜ್ಯದ ಜಾಲಕ್ಕೆ ವಿದ್ಯುತ್ ನೀಡುತ್ತ ಬಂದಿದೆ. ಮೊದಲ ಗ್ರಾಹಕರು ಇಲ್ಲವಾದರೂ ಸಾರ್ವಜನಿಕರ ಆಸ್ತಿಯು ಉಳಿದಿದೆ. ಆದರೆ ಹಳ್ಳಿಗಳು ಕಾದ ವರ್ಷಗಳನ್ನು ಈ ಲೆಕ್ಕದಿಂದ ಅಳಿಸಲಾಗದು.

ಸ್ಮರಣೆ

ಶಿವನಸಮುದ್ರದ ಕೇಂದ್ರಕ್ಕೆ ಸರ್ ಶೇಷಾದ್ರಿ ಅಯ್ಯರ್ ಜಲವಿದ್ಯುತ್ ಕೇಂದ್ರ ಎಂಬ ಹೆಸರಿದೆ. ಬೆಂಗಳೂರಿನ ಶೇಷಾದ್ರಿಪುರ ಬಡಾವಣೆ ಮತ್ತು ಶೇಷಾದ್ರಿ ರಸ್ತೆ ಅವರ ಹೆಸರನ್ನು ಹೊಂದಿವೆ. ಕಬ್ಬನ್ ಉದ್ಯಾನದಲ್ಲಿ ಅವರ ಪ್ರತಿಮೆಯನ್ನು 1913ರಲ್ಲಿ ಅನಾವರಣಗೊಳಿಸಲಾಯಿತು. ಅಲ್ಲಿಯೇ ಇರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವು ಸಾರ್ವಜನಿಕರ ಸೇವೆಯಲ್ಲಿದೆ.

ಅರ್ಜಿದಾರರ ಗಮನಕ್ಕೆ

ವಿದ್ಯುತ್ ಸಂಪರ್ಕದ ಅರ್ಜಿಯಲ್ಲಿ ಹೊರೆಯ ವಿವರವನ್ನು ಕೇಳುವುದು ಕೇವಲ ಔಪಚಾರಿಕ ಕ್ರಮವಲ್ಲ. ಬೇಡಿಕೆಯನ್ನು ಮೊದಲೇ ತಿಳಿದರೆ ಮಾತ್ರ ಟ್ರಾನ್ಸ್‌ಫಾರ್ಮರ್, ತಂತಿ ಮತ್ತು ಉತ್ಪಾದನೆಯನ್ನು ಅದಕ್ಕೆ ತಕ್ಕಂತೆ ಯೋಜಿಸಲು ಸಾಧ್ಯ. ನಮೂದಿಸಿದ್ದಕ್ಕಿಂತ ಹೆಚ್ಚಿನ ಹೊರೆಯನ್ನು ಬಳಸಿದಲ್ಲಿ ಅದೇ ಬೀದಿಯ ನೆರೆಹೊರೆಯವರಿಗೆ ವೋಲ್ಟೇಜ್ ಕುಸಿತದ ತೊಂದರೆಯಾಗುತ್ತದೆ. 1900ರಲ್ಲಿ 4,000 ಅಶ್ವಶಕ್ತಿಗೆ ಒಪ್ಪಂದವಾದಾಗ ಅನ್ವಯವಾದ ನಿಯಮವೇ ಇಂದು 1 ಕಿಲೋವ್ಯಾಟ್ ಕೋರುವ ಮನೆಗೂ ಅನ್ವಯವಾಗುತ್ತದೆ. ಆದುದರಿಂದ ಅರ್ಜಿದಾರರು ತಮ್ಮ ಮನೆ, ಅಂಗಡಿ ಅಥವಾ ಪಂಪ್‌ಸೆಟ್‌ನ ನಿಜವಾದ ಅಗತ್ಯವನ್ನು ಸರಿಯಾಗಿ ನಮೂದಿಸಿ ಸಹಕರಿಸಬೇಕೆಂದು ಕೋರಲಾಗಿದೆ.

ಪ್ರಮುಖ ದಿನಾಂಕಗಳು

1845, ಜೂನ್ 1 – ಜನನ
1868 – ಮೈಸೂರು ಸಂಸ್ಥಾನದ ಸೇವೆಗೆ ಪ್ರವೇಶ
1883 – ದಿವಾನರಾಗಿ ನೇಮಕ
1899 – ಜಲವಿದ್ಯುತ್ ಕೇಂದ್ರಗಳ ಅಧ್ಯಯನಕ್ಕಾಗಿ ಲಾಟ್‌ಬಿನಿಯರ್ ಅವರ ವಿದೇಶ ಪ್ರವಾಸ
1900 – ಗಣಿಗಳೊಂದಿಗೆ ವಿದ್ಯುತ್ ಪೂರೈಕೆ ಒಪ್ಪಂದ. ಶಿವನಸಮುದ್ರ ಕಾಮಗಾರಿ ಆರಂಭ
1901, ಮಾರ್ಚ್ – ದಿವಾನ ಹುದ್ದೆಯಿಂದ ನಿವೃತ್ತಿ
1901, ಸೆಪ್ಟೆಂಬರ್ 13 – ನಿಧನ
1902, ಜೂನ್ 30 – ಕೋಲಾರದ ಗಣಿಗಳಿಗೆ ವಿದ್ಯುತ್ ಪೂರೈಕೆ ಆರಂಭ
1905, ಆಗಸ್ಟ್ 5 – ಬೆಂಗಳೂರು ನಗರಕ್ಕೆ ವಿದ್ಯುತ್ ದೀಪ